ಎಡಗಾಲು ಬೇಡದ ಗಾಡಿ

ರಾಯಚೂರಿನ ಮೆಕ್ಯಾನಿಕ್ ಜಿಲಾನಿ ಪಾಷಾ ಗೇರ್‌ಬಾಕ್ಸಿನ ತಳದ ತಗಡು ಬಿಚ್ಚಿದಾಗ ಬಂದ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಬೆಲ್ಲ ಸೀದ ಪಾತ್ರೆಯಲ್ಲಿ ಯಾರೋ ಕೂದಲು ಸುಟ್ಟ ಹಾಗಿತ್ತು. ಒಳಗಿನ ಎಣ್ಣೆ ದಾಸವಾಳದ ರಸದಂತೆ ಕೆಂಪಗಿರಬೇಕಿತ್ತು. ಡಬ್ಬಿಗೆ ಇಳಿದದ್ದು ಕಪ್ಪು ಗಸಿ. ಜಿಲಾನಿ ಅದರಲ್ಲಿ ಎರಡು ಬೆರಳು ಅದ್ದಿ ಉಜ್ಜಿ ನೋಡಿ, ಬೆರಳನ್ನು ಗೋಡೆಗೆ ಒರೆಸಿದ. ಯಾವಾಗಲೂ ಅವನು ಲುಂಗಿಗೆ ಒರೆಸಿಕೊಳ್ಳುವವನು.

"ಇದನ್ನ ಸುಟ್ಟೋರು ಯಾರ್ರಿ?" ಎಂದು ಕೇಳಿದ.

"ಯಾರೂ ಸುಟ್ಟಿಲ್ಲ. ಅದಾ ಸುಟ್ಕೊಂಡದ," ಎಂದ ಹನುಮಂತ್ರಾಯ. ಎಂದವನು ಬಾಯಲ್ಲಿದ್ದ ಎಲೆ ಅಡಿಕೆಯ ರಸವನ್ನು ಗಾಡಿಯ ಗಾಲಿಯ ಮೇಲೆಯೇ ಉಗಿದ.

ಆ ಗಾಲಿಯನ್ನು ಹಿಂದಿನ ಶುಕ್ರವಾರವಷ್ಟೇ ನಾನು ತೊಳೆದಿದ್ದೆ. ಇಷ್ಟು ಸಣ್ಣ ಮಾತನ್ನು ಬರೆಯಬೇಕೋ ಬೇಡವೋ ತಿಳಿಯದು. ಆದರೆ ನನಗೆ ಮೊದಲು ಹೇಸಿಗೆ ಹುಟ್ಟಿದ್ದು ಅಲ್ಲಿಂದಲೇ.

ಗಾಡಿ ದೇವದುರ್ಗದ ಕುರಿ ವ್ಯಾಪಾರಿ ಅಂಬಣ್ಣನದು. ಅಮೆರಿಕದ ಹಳೆಯ ಡಾಜ್ ಪಿಕಪ್. ಬೋರ್‌ವೆಲ್ ಕೊರೆಯಲು ಬಂದಿದ್ದ ಪರದೇಶದವರು ಕೆಲಸ ಮುಗಿಸಿ ಹೋಗುವಾಗ ಅದನ್ನು ಹೈದರಾಬಾದಿನಲ್ಲಿ ಹರಾಜಿಗೆ ಬಿಟ್ಟಿದ್ದರು. ಸ್ಟೇರಿಂಗ್ ಎಡಕ್ಕೆ, ಕ್ಲಚ್ ಇಲ್ಲವೇ ಇಲ್ಲ, ಗೇರು ತನ್ನಷ್ಟಕ್ಕೆ ತಾನೇ ಬದಲಾಗುತ್ತಿತ್ತು. ಹರಾಜಿಗೆ ಬಂದವರೆಲ್ಲ ಒಳಗೆ ಇಣುಕಿ, ಎರಡೇ ಪೆಡಲ್ ಕಂಡು ನಕ್ಕು ಹೊರಟುಹೋದರಂತೆ. ಅಂಬಣ್ಣ ಒಬ್ಬನೇ ಉಳಿದ. ಅಗ್ಗಕ್ಕೆ ಸಿಕ್ಕಿತು. ಆದರೆ ಅದನ್ನು ನಡೆಸುವವರು ಯಾರೂ ಸಿಗಲಿಲ್ಲ. ನಮ್ಮ ಕಡೆಯ ಡ್ರೈವರುಗಳು ಇಲ್ಲದ ಕ್ಲಚ್ಚನ್ನು ಹುಡುಕಿ ಎಡಗಾಲಿನಿಂದ ಬ್ರೇಕನ್ನೇ ತುಳಿದು, ಒಳಗಿದ್ದವರ ಹಣೆ ಗಾಜಿಗೆ ಬಡಿಸುತ್ತಿದ್ದರು.

ಆಗ ಜಿಲಾನಿಗೆ ನನ್ನ ನೆನಪಾಯಿತು. ನಾನು ಮಾನ್ವಿಯವನು. ಬಹಳ ವರ್ಷ ಫಾರ್ಗೊ ಲಾರಿ ನಡೆಸಿದವನು. ರಾಯಚೂರಿನಲ್ಲಿ ಒಮ್ಮೆ ಸರಕು ಇಳಿಸುವಾಗ ಹತ್ತಿಯ ದೊಡ್ಡ ಅಂಡಿಗೆಯೊಂದು ಉರುಳಿ ನನ್ನ ಎಡ ಮೊಣಕಾಲಿನ ಮೇಲೆ ಬಿತ್ತು. ಮೊಣಕಾಲು ಮಡಚುವುದಿಲ್ಲ. ಪಾದಕ್ಕೆ ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ. ಕ್ಲಚ್ ಒತ್ತಲಾರದ ಡ್ರೈವರು ಡ್ರೈವರಲ್ಲ. ನನ್ನ ಹೆಂಡತಿ ಶಹಜಾದಿ ಬೇಗಂ ಹೊಲಿಗೆ ಯಂತ್ರ ತುಳಿದು ಮನೆ ನಡೆಸುತ್ತಿದ್ದಳು, ನಾನು ಗುಂಡಿ ಹಚ್ಚಿಕೊಡುತ್ತಿದ್ದೆ. "ದಸ್ತಗೀರ್ ಭಾಯ್, ನಿಮಗಂತಲೇ ಯಾರೋ ಅಮೆರಿಕಾದಾಗ ಗಾಡಿ ಮಾಡ್ಯಾರ, ಬರ್ರಿ," ಎಂದು ಜಿಲಾನಿ ಹೇಳಿ ಕಳಿಸಿದಾಗ ನಾನು ಅದನ್ನು ಹಾಸ್ಯ ಅಂದುಕೊಂಡಿದ್ದೆ.

ಎರಡು ವರ್ಷ ನಡೆಸಿದೆ. ದೇವದುರ್ಗದ ಸಂತೆ, ಜಾಲಹಳ್ಳಿ, ಕವಿತಾಳ, ಅಲ್ಲಿಂದ ಕುರಿ ತುಂಬಿಕೊಂಡು ರಾಯಚೂರು. ಗಾಡಿಯ ಮುಂದಿನ ತಗಡಿನಲ್ಲಿ ಇಂಗ್ಲಿಷಿನ ಸಣ್ಣ ಪಟ್ಟಿಯೊಂದಿತ್ತು. ನಾನು ಅದನ್ನು ಚೀಟಿಯಲ್ಲಿ ಬರೆದುಕೊಂಡು ರಾತ್ರಿ ಶಾಲೆಯ ಮಾಸ್ತರರಿಗೆ ತೋರಿಸಿ ಅರ್ಥ ಕೇಳಿಕೊಂಡಿದ್ದೆ. ಇಂಜಿನ್ ಬಂದ್ ಮಾಡಿ ಗಾಡಿಯನ್ನು ಓಡಿಸಬೇಡಿ, ಎಳೆಯಬೇಡಿ ಎಂದು ಅದರಲ್ಲಿತ್ತು. ಇಂಜಿನ್ ನಿಂತರೆ ಗೇರಿನೊಳಗೆ ಎಣ್ಣೆ ಹರಿಯುವುದಿಲ್ಲ, ಒಣಗಿದ ಗೇರು ಸುಟ್ಟುಹೋಗುತ್ತದೆ. ಇದನ್ನು ನಾನು ಅಂಬಣ್ಣನಿಗೂ ಅವನ ಮನೆಯವರಿಗೂ ಎಷ್ಟು ಸಲ ಹೇಳಿದ್ದೆನೆಂದರೆ, ನನ್ನನ್ನು ಕಂಡ ಕೂಡಲೆ ಅವರೇ ಅದನ್ನು ಒಪ್ಪಿಸುತ್ತಿದ್ದರು. ಒಪ್ಪಿಸಿ ನಗುತ್ತಿದ್ದರು.

ಹನುಮಂತ್ರಾಯ ಅಂಬಣ್ಣನ ಹೆಂಡತಿಯ ತಮ್ಮ. ಲೈಸೆನ್ಸು ಮಾಡಿಸಿಕೊಂಡು ಬಂದಾಗಿನಿಂದ ಅವನ ಕಣ್ಣು ಈ ಗಾಡಿಯ ಮೇಲೆ. ನಾನು ಜ್ವರದಲ್ಲಿ ಮಲಗಿದ್ದ ದಿನ ಅವನು ಬೀಗರನ್ನೆಲ್ಲ ತುಂಬಿಕೊಂಡು ಕೂಸಿನ ಜವಳಕ್ಕೆಂದು ದೇವಸುಗೂರಿಗೆ ಹೋದ. ಹೊಳೆಯ ಕಡೆಗೆ ಇಳಿಜಾರು ಬಂತು. ಪೆಟ್ರೋಲ್ ಉಳಿಸಲು ಇಂಜಿನ್ ಬಂದ್ ಮಾಡಿ ಗಾಡಿ ಬಿಟ್ಟ. ನಮ್ಮ ಕಡೆ ಎಲ್ಲರೂ ಮಾಡುವುದೇ ಅದು. ಗುಡಿಯ ಮುಂದೆ ಕೂಸು ಅಳುತ್ತದೆಂದು ಹಾರ್ನು, ಲೈಟು ಎಲ್ಲ ಹಾಕಿ ಆಡಿಸಿದ. ಬ್ಯಾಟರಿ ಬರಿದಾಯಿತು.

ನಮ್ಮ ಸೀಮೆಯಲ್ಲಿ ಬ್ಯಾಟರಿಯನ್ನು ಯಾರೂ ನೆಚ್ಚುವುದಿಲ್ಲ. ಮಂದಿಯನ್ನು ನೆಚ್ಚುತ್ತಾರೆ. ಗಾಡಿ ಕೆಟ್ಟು ನಿಂತರೆ ಚಹಾದಂಗಡಿಯಲ್ಲಿ ಕುಳಿತವರು ಲೋಟ ಕೆಳಗಿಟ್ಟು ಎದ್ದು ಬರುತ್ತಾರೆ, ಗುರುತು ಕೇಳದೆ ತಳ್ಳುತ್ತಾರೆ, ಸ್ಟಾರ್ಟಾದ ಮೇಲೆ ಹೋಗಿ ಉಳಿದ ಚಹಾ ಕುಡಿಯುತ್ತಾರೆ. ಇದೊಂದು ಒಳ್ಳೆಯ ಗುಣ. ಈ ಗಾಡಿಯ ಮಟ್ಟಿಗೆ ಮಾತ್ರ ಅದು ವಿಷ.

"ಗುಡಿ ಮುಂದಿನ ಮಂದಿ ಎಲ್ಲಾ ತಳ್ಳಿದ್ರು, ಪಾಷಾ," ಎಂದು ಹನುಮಂತ್ರಾಯ ಜಿಲಾನಿಗೆ ವಿವರಿಸಿದ. "ಬೀಗರು, ಪೂಜಾರಿ, ಕೂಸಿನ ಸ್ವಾದರಮಾವ. ಹೆಣಮಕ್ಕಳು ಸೈತ ಕೈ ಹಚ್ಚಿದ್ರು. ಹೊಳಿತನ ತಳ್ಳಿದ್ರೂ ಇದು ಗುಟುರ್ ಅನ್ನಲಿಲ್ಲ. ಆಮ್ಯಾಲ ಲಾರಿಗಿ ಸರಪಳಿ ಕಟ್ಟಿ, ಗೇರ್‌ನಾಗ ಹಾಕಿ, ರಾಯಚೂರ್‌ತನ ಎಳಕೊಂಡು ಬಂದ್ವಿ. ಈಗ ಆಗ್ತದ, ಆಗ ಆಗ್ತದ ಅಂತ."

"ಎಳೀಬ್ಯಾಡ್ರಿ ಅಂತ ಹೇಳಿದ್ದೆನಲ್ಲ," ಎಂದೆ.

"ನೀ ಎಲ್ಲಾದಕ್ಕೂ ಬ್ಯಾಡ ಅಂತಿ, ದಸ್ತಗೀರಣ್ಣ. ತಳ್ಳಿದ್ರ ಸ್ಟಾರ್ಟ್ ಆಗಲಾರದ್ದು ಗಾಡಿ ಏನಲೇ ಅಂತ ಪೂಜಾರಿ ಕೇಳಿದ. ಏನು ಹೇಳಲಿ ನಾ? ಕುಂಟರ ಗಾಡಿ ಅದು ಅಂದೆ."

ಜಿಲಾನಿ ತಲೆ ತಗ್ಗಿಸಿದ. ಅಂಬಣ್ಣ ಹಳೆಯ ಟಯರಿನ ಮೇಲೆ ಕುಳಿತು ಕಿವಿಯಲ್ಲಿ ಕಡ್ಡಿ ಆಡಿಸುತ್ತಿದ್ದ. ಮೈದುನನನ್ನು ಬೈಯಲಿಲ್ಲ. "ಸತ್ತ ಕುರಿ ಯಾವ ಬ್ಯಾನಿಲಿಂದ ಸತ್ತದ ಅಂತ ನಾ ಕೇಳಂಗಿಲ್ಲ," ಎಂದ. "ತೊಗಲು ಬರ್ತದೋ ಇಲ್ಲೋ ಅಷ್ಟ ಕೇಳ್ತೀನಿ. ಈಗೇನು ಮಾಡ್ತಿ ಹೇಳು, ಪಾಷಾ."

"ಹೈದರಾಬಾದ್‌ನಾಗ ಒಬ್ಬ ಉಸ್ತಾದ್ ಅದಾನ್ರಿ. ಇಂಥಾವು ಬಿಚ್ಚತಾನ. ಕೇಳಿ ನೋಡಬೇಕು."

"ಬ್ಯಾಡ. ಸಾಕಾಗ್ಯದ. ಇದನ್ನ ಕಿತ್ತು ಒಗಿ, ಕೈಗೇರ್ ಕೂಡಸು. ಗಂಡಸರ ಗಾಡಿ ಮಾಡು." ಆಮೇಲೆ ನನ್ನ ಕಾಲಿನ ಕಡೆ ನೋಡಿ ಕಡ್ಡಿ ತೆಗೆದ. "ನಿನಗ ಅಂದಿಲ್ಲ ಬಿಡು, ದಸ್ತಗೀರಾ. ಗಾಡಿಗಿ ಅಂದೆ."

ಕೈಗೇರ್ ಕೂಡಿಸಿದರೆ ಕ್ಲಚ್ ಬರುತ್ತದೆ. ಕ್ಲಚ್ ಬಂದರೆ ನಾನು ಇಳಿಯಬೇಕು. ಅಲ್ಲಿದ್ದ ಎಲ್ಲರಿಗೂ ಅದು ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಾನೂ ಹೇಳಲಿಲ್ಲ. ಹೇಳಿದ್ದರೆ ಬೇಡಿದ ಹಾಗೆ ಆಗುತ್ತಿತ್ತು.

ಇನ್ನೂ ಒಂದು ಆಯಿತು. ಫಾರ್ಗೊ ಗೇರ್‌ಬಾಕ್ಸು ಡಾಜಿನ ತಮ್ಮನಿದ್ದ ಹಾಗೆ, ಹೇಗಾದರೂ ಮಾಡಿ ಕೂಡಿಸಬಹುದೆಂದು ಜಿಲಾನಿ ಹೇಳಿದ. ಗುಜರಿಯಲ್ಲಿ ಅಂಥವು ರಾಶಿ ಬಿದ್ದಿದ್ದವು. ಯಾವುದು ಚಲೋ ಯಾವುದು ಕೆಟ್ಟದ್ದು ಎಂದು ಆರಿಸಲು ಫಾರ್ಗೊ ನಡೆಸಿದವರೇ ಬೇಕು. "ದಸ್ತಗೀರ್‌ನ್ನ ಕರಕೊಂಡು ಹೋಗು," ಎಂದ ಅಂಬಣ್ಣ, ಏನೂ ಆಗದವನ ಹಾಗೆ.

ನಾನು ಹೋದೆ. ಕೆಟ್ಟದ್ದೊಂದನ್ನು ತೋರಿಸಿ ಬರಬಹುದಿತ್ತು. ಗುಜರಿಯ ತುಕ್ಕಿನ ನಡುವೆ ಕಾಲು ಚಾಚಿ ಕುಳಿತು ಒಂದೊಂದರ ಶಾಫ್ಟನ್ನೂ ಕೈಯಿಂದ ತಿರುಗಿಸಿ, ಕಿವಿ ಹಚ್ಚಿ ಕೇಳಿ, ಹಲ್ಲು ಮುರಿಯದ, ಬೇರಿಂಗ್ ಸವೆಯದ ಒಂದನ್ನು ಆರಿಸಿಕೊಟ್ಟೆ. ಒಳ್ಳೆಯದನ್ನೇ ಆರಿಸಿದೆ. ಬೇರೆ ರೀತಿ ಮಾಡಲು ನನಗೆ ಬರಲಿಲ್ಲ. ನನ್ನ ಕೈಯಿಂದಲೇ ನನ್ನ ಅನ್ನ ಕೊಯ್ದುಕೊಳ್ಳುವಾಗಲೂ ಕತ್ತಿ ಹರಿತವಿದೆಯೇ ಎಂದು ನೋಡುವವನು ನಾನು. ಇದು ಒಳ್ಳೆಯತನವೋ ಹೇಡಿತನವೋ ಎಂದು ಯೋಚಿಸಿ ಯೋಚಿಸಿ ನನಗೇ ಬೇಸರ ಬಂದಿದೆ.

ಕೂಡಿಸುವ ಕೆಲಸ ಬಹಳ ದಿನ ನಡೆಯಿತು. ಬೋಲ್ಟಿನ ತೂತುಗಳು ಕೂಡಲಿಲ್ಲ, ನಡುವೆ ದಪ್ಪ ತಗಡು ಕೊರೆದು ಹಾಕಿದರು. ಇಂಜಿನ್ನಿನ ತುದಿಯಲ್ಲಿ ಗೇರಿನ ಶಾಫ್ಟು ಕೂಡಲು ತಾವಿರಲಿಲ್ಲ, ಲೇತಿನಲ್ಲಿ ಹಿತ್ತಾಳೆಯ ಬುಷ್ ಮಾಡಿಸಿದರು. ಹಿಂದಿನ ಗಾಲಿ ತಿರುಗಿಸುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟನ್ನು ಕತ್ತರಿಸಿ ಬೆಸೆದರು. ಗೇರಿನ ಕೋಲು ಮೇಲೆ ಬರಲು ಗಾಡಿಯ ನೆಲವನ್ನು ಗ್ಯಾಸಿನಿಂದ ಸುಟ್ಟು ತೂತು ಮಾಡಿದರು. ನಾನು ಎರಡು ವರ್ಷ ತುಳಿದ ಅಗಲವಾದ ಬ್ರೇಕ್ ಪೆಡಲನ್ನು ಅರ್ಧಕ್ಕೆ ಕತ್ತರಿಸಿ, ಉಳಿದ ಜಾಗದಲ್ಲಿ ಕ್ಲಚ್ ಪೆಡಲ್ ಇಟ್ಟರು. ಪೆಡಲಿಗೂ ಕ್ಲಚ್ಚಿಗೂ ನೇರ ಇರಲಿಲ್ಲವಾದ್ದರಿಂದ ಕಬ್ಬಿಣದ ಸರಳೊಂದನ್ನು ಬಗ್ಗಿಸಿ, ವೆಲ್ಡಿಂಗ್ ಮಾಡಿ ಹಾಕಿದರು.

"ಜಿಲಾನಿ, ಈ ಸರಳು ತೆಳ್ಳಗಾತು," ಎಂದೆ.

"ಮೆಲ್ಲಕ ಒತ್ತಿದ್ರ ತಡೀತದ, ಭಾಯ್."

"ಒತ್ತೋನು ಹನುಮಂತ್ರಾಯ."

ಜಿಲಾನಿ ನಕ್ಕ. ದಪ್ಪ ಸರಳು ಹಾಕಲಿಲ್ಲ. ಅಂಬಣ್ಣ ಹೊರಗೆ ನಿಂತು ಅವಸರ ಮಾಡುತ್ತಿದ್ದ.

ಗಾಡಿ ಹೊರಟ ದಿನ ಅಂಬಣ್ಣ ನನ್ನ ಹೆಗಲ ಮೇಲೆ ಕೈ ಹಾಕಿದ. ಅವನ ಕೈಗೆ ಯಾವಾಗಲೂ ಕುರಿಯ ಉಣ್ಣೆಯ ಜಿಡ್ಡು. "ನಿನ್ನ ಬಿಡಂಗಿಲ್ಲ ನಾ. ನಮ್ಮ ಮನಿ ಮನಶ್ಯಾ ನೀ. ಹಿಂದ ಕುಂತು ಕುರಿ ನೋಡ್ಕೊ. ಒಂದರ ಮ್ಯಾಲ ಒಂದು ಬಿದ್ದು ಸಾಯ್ತಾವ. ಮಕ್ಕಂಡ್ರ ಎಬ್ಬಸೋದು. ಕುಂತ ಕೆಲಸ."

ನಾನು ಹಿಂದೆ ಕುಳಿತೆ. ಒಂದೇ ಸಲ ಕುಳಿತೆ, ದೇವದುರ್ಗದಿಂದ ರಾಯಚೂರಿನವರೆಗೆ. ಕುರಿಗಳು ಮಡಚದ ನನ್ನ ಕಾಲನ್ನು ಮರದ ತುಂಡು ಎಂದುಕೊಂಡು ಅದರ ಮೇಲೆ ನಿಂತವು, ಹಿಕ್ಕೆ ಹಾಕಿದವು, ಉಚ್ಚೆ ಹೊಯ್ದವು. ಕಾಲಿಗೆ ಬಿಸಿ ಗೊತ್ತಾಗಲಿಲ್ಲ. ನೋಡಿದಾಗಷ್ಟೇ ಗೊತ್ತಾಯಿತು. ಮುಂದೆ ಹನುಮಂತ್ರಾಯ ಪ್ರತಿ ಸಲ ಗೇರು ಬದಲಿಸುವಾಗ ನಾನು ಆರಿಸಿದ ಗೇರ್‌ಬಾಕ್ಸು ಹಲ್ಲು ಕಡಿಯುತ್ತಿತ್ತು. ಕಿಟಕಿಯಿಂದ ಅವನು ಉಗಿದ ಎಲೆಯ ರಸ ಗಾಳಿಗೆ ಹಾರಿ ಹಿಂದೆ ಬಂತು. ಕುರಿಗಳ ಮೇಲೂ ಬಿತ್ತು, ನನ್ನ ಮೇಲೂ ಬಿತ್ತು.

ಮನೆಗೆ ಹೋದಾಗ ಶಹಜಾದಿ ಬಾಗಿಲಲ್ಲೇ ನಿಲ್ಲಿಸಿದಳು. ನಾವು ಮನೆಯಲ್ಲಿ ಆಡುವುದು ದಖ್ನಿ. ಅವಳು ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಎರಡು ವರ್ಷ ಪೆಟ್ರೋಲಿನ ವಾಸನೆ ಹೊತ್ತು ಬಂದಿರಿ, ನಾನು ಮೂಗು ಮುಚ್ಚಲಿಲ್ಲ," ಎಂದಳು. "ಅದು ಡ್ರೈವರನ ವಾಸನೆ. ಇದು ಡ್ರೈವರನ ವಾಸನೆ ಅಲ್ಲ." ನನ್ನ ಅಂಗಿಯನ್ನು ಕೋಲಿನಿಂದ ಎತ್ತಿ ಸೋಡಾ ಹಾಕಿದ ಬಿಸಿನೀರಿಗೆ ಹಾಕಿದಳು. ಮರುದಿನದಿಂದ ನಾನು ಮತ್ತೆ ಗುಂಡಿ ಹಚ್ಚಲು ಕುಳಿತೆ.

ಬಕ್ರೀದಿಗೆ ಎರಡು ದಿನ ಇರುವಾಗ ಅಂಬಣ್ಣ ಬಾಡಿಗೆ ಜೀಪಿನಲ್ಲಿ ನಮ್ಮ ಮನೆಯ ಮುಂದೆ ಇಳಿದ. ಅವನು ನಮ್ಮ ಓಣಿಗೆ ಬಂದದ್ದು ಅದೇ ಮೊದಲು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬಂದು ಚಾಪೆಯ ಮೇಲೆ ಕುಳಿತ. ಅಷ್ಟು ವಿನಯ ಕಂಡು ನನಗೆ ಹೆದರಿಕೆಯಾಯಿತು.

"ದಸ್ತಗೀರಾ, ಕವಿತಾಳದ ಹೊರಗ ಗಾಡಿ ನಿಂತದ. ಕ್ಲಚ್ ಹೋಗ್ಯದ. ಗಾಡಿ ತುಂಬ ಕುರಿ ಅದಾವ, ಬಿಸಲಾಗ. ನಿಮ್ಮ ಹಬ್ಬದ ಕುರಿ. ರಾಯಚೂರ್‌ನಾಗ ಗಿರಾಕಿ ಕಾಯಾಕತ್ಯಾರ."

"ಲಾರಿ ಮಾಡ್ರಿ, ಸಾವ್ಕಾರ್ರೆ."

"ಹಬ್ಬದಾಗ ಲಾರಿ ಎಲ್ಲಿ ಸಿಗ್ತಾವ? ಕ್ಲಚ್ ಇಲ್ಲದ ನಡಸೋರು ಫಾರ್ಗೊ ಕಾಲದ ಡ್ರೈವರ್ ಅಂತ ಜಿಲಾನಿ ಹೇಳಿ ಕಳಿಸ್ಯಾನ. ನೀ ಬಾ. ಆಮ್ಯಾಲ ನಿನ್ನ ಕುರ್ಚಿ ನಿನಗ. ಆ ಮೂಳನ್ನ ಇಳಸ್ತೀನಿ."

ಮೂಳ ಎಂದರೆ ಅವನ ಮೈದುನ. ಒಳಗೆ ಶಹಜಾದಿಯ ಹೊಲಿಗೆ ಯಂತ್ರ ನಿಂತಿತು. "ಹೋಗಬೇಡಿ," ಎಂದಳು ದಖ್ನಿಯಲ್ಲಿ, ಅಂಬಣ್ಣನಿಗೆ ಗೊತ್ತಾಗಬಾರದೆಂದು. ಅವನಿಗೆ ಗೊತ್ತಾಯಿತು, ಕುರಿ ಸಂತೆಯಲ್ಲಿ ಬೆಳೆದವನಿಗೆ ದಖ್ನಿ ಬಾರದೆ ಇರುತ್ತದೆಯೇ? ಆದರೂ ಬಾರದವನ ಹಾಗೆ ಸೂರು ನೋಡುತ್ತ ಕುಳಿತ.

ನಾನು ಎದ್ದೆ. ನಿನ್ನ ಕುರ್ಚಿ ನಿನಗೆ ಎಂಬ ಮಾತು ನನ್ನನ್ನು ಎಬ್ಬಿಸಿತು.

ಕವಿತಾಳದ ಹೊರಗೆ ಬೇವಿನ ಮರದ ಕೆಳಗೆ ಹನುಮಂತ್ರಾಯ ಮಲಗಿದ್ದ. ಕುರಿಗಳು ಬಿಸಿಲಲ್ಲಿದ್ದವು. ಕ್ಲಚ್ ಪೆಡಲು ನೆಲಕ್ಕೆ ಒರಗಿಬಿಟ್ಟಿತ್ತು. ತೆವಳಿ ಕೆಳಗೆ ಹೋಗಿ ನೋಡಿದೆ. ಜಿಲಾನಿಯ ಸರಳು ಬೆಸುಗೆಯ ಜಾಗದಲ್ಲೇ ಮುರಿದು, ಅರ್ಧ ದಾರಿಯಲ್ಲೆಲ್ಲೋ ಬಿದ್ದುಹೋಗಿತ್ತು. ಊರಿನಲ್ಲಿ ವೆಲ್ಡಿಂಗ್ ಅಂಗಡಿ ಇತ್ತು, ಕರೆಂಟ್ ಇರಲಿಲ್ಲ.

"ಒತ್ತಿದೆ, ಕಟಕ್ ಅಂತು," ಎಂದ ಹನುಮಂತ್ರಾಯ.

"ಕ್ಲಚ್ ಮ್ಯಾಲ ಸದಾ ಕಾಲಿಟ್ಟಿರ್ತಿ ಏನು?"

"ಮತ್ತೆಲ್ಲಿ ಇಡ್ಲಿ? ತಲಿ ಮ್ಯಾಲ ಇಟ್ಕೊಳ್ಳಲಾ?"

ಈಗ ಗಾಡಿಗೂ ಎಡಗಾಲಿಲ್ಲ ಎಂದು ಮನಸ್ಸಿನಲ್ಲಿ ಅಂದುಕೊಂಡೆ. ನಗು ಬಂತು. ಹತ್ತಿ ಕುಳಿತೆ, ಸತ್ತ ಕಾಲನ್ನು ಎರಡೂ ಕೈಯಿಂದ ಎತ್ತಿ ಬಾಗಿಲ ಕಡೆ ಇಟ್ಟುಕೊಂಡೆ. ಅಂಬಣ್ಣ ಬಲಕ್ಕೆ ಕುಳಿತ. ಹನುಮಂತ್ರಾಯ ಹಿಂದೆ, ಕುರಿಗಳ ನಡುವೆ.

ಕ್ಲಚ್ ಇಲ್ಲದೆ ಹೊರಡುವುದು ಹೀಗೆ. ಮೊದಲನೆಯ ಗೇರಿನಲ್ಲಿ ಹಾಕಿಯೇ ಚಾವಿ ತಿರುಗಿಸಬೇಕು. ಗಾಡಿ ಕಪ್ಪೆಯ ಹಾಗೆ ಮುಂದಕ್ಕೆ ನೆಗೆಯುತ್ತದೆ, ನೆಗೆಯುತ್ತಲೇ ಇಂಜಿನ್ ಹತ್ತಿಕೊಳ್ಳುತ್ತದೆ. ಆಮೇಲಿನದು ಕಿವಿಯ ಕೆಲಸ. ಆಕ್ಸಿಲರೇಟರ್ ಬಿಟ್ಟು, ಗೇರಿನ ಕೋಲು ತಾನೇ ಸಡಿಲವಾದ ಗಳಿಗೆಯಲ್ಲಿ ಅದನ್ನು ನಡುವಿಗೆ ತಂದು, ಇಂಜಿನ್ನಿನ ಸದ್ದು ಇಳಿದು ಗಾಲಿಯ ಸದ್ದಿಗೆ ಸಮನಾದಾಗ ಎರಡನೆಯದಕ್ಕೆ ಒತ್ತಬೇಕು. ಒಂದು ಉಸಿರು ಮುಂಚೆ ಆದರೂ, ಒಂದು ಉಸಿರು ತಡವಾದರೂ ಗೇರು ಅರಚುತ್ತದೆ.

ಅರಚಲಿಲ್ಲ. ಎರಡು, ಮೂರು, ನಾಲ್ಕು, ಬೆಣ್ಣೆಯಲ್ಲಿ ಚಮಚ ಇಟ್ಟ ಹಾಗೆ ಬಿದ್ದವು. ಇಷ್ಟು ವರ್ಷದ ಮೇಲೆ ನನ್ನ ಕೈಯಲ್ಲಿ ಮತ್ತೆ ಗೇರಿನ ಕೋಲು ಇತ್ತು. ಅದು ನಡುಗುವುದು ಅಂಗೈಗೆ ಗೊತ್ತಾಗುತ್ತಿತ್ತು. ಅಂಬಣ್ಣ ಬಾಯಿ ತೆರೆದು ನನ್ನ ಬಲಗೈಯನ್ನೇ ನೋಡುತ್ತಿದ್ದ. "ಅಬಬಾ! ಏನ್ ಕೈಯಪ್ಪಾ ಇದು!" ಎಂದ. ನನಗೆ ಸುಖವಾಯಿತು. ಅವನ ಹೊಗಳಿಕೆ ಸುಖ ಕೊಟ್ಟಿತೆಂದು ಬರೆಯಲು ಈಗ ನಾಚಿಕೆ, ಆದರೆ ಕೊಟ್ಟಿತು.

ಮಾನ್ವಿಯ ಬಸ್‌ಸ್ಟ್ಯಾಂಡಿನ ಹತ್ತಿರ ಸವತಿಕಾಯಿ ಬುಟ್ಟಿ ಹೊತ್ತ ಮುದುಕಿಯೊಬ್ಬಳು ಅಡ್ಡ ಬಂದಳು. ಬೂದೆಮ್ಮ ಎಂದು ಅವಳ ಹೆಸರು. ಅಲ್ಲೇ ಕುಳಿತು ಮಾರುವವಳು, ನನಗೆ ಗುರುತಿನವಳು. ಬ್ರೇಕ್ ತುಳಿದೆ. ಕ್ಲಚ್ ಇಲ್ಲದ್ದರಿಂದ ಇಂಜಿನ್ ಕೆಮ್ಮಿ ನಿಂತುಹೋಯಿತು. ಗಾಡಿಯೂ ನಿಂತಿತು. ಅವಳಿಗೇನೂ ತಾಗಲಿಲ್ಲ, ಬೆದರಿ ಬುಟ್ಟಿ ಕೆಡವಿದಳಷ್ಟೇ. ಕಾಯಿಗಳು ರಸ್ತೆಯ ಮೇಲೆ ಉರುಳಿದವು.

ಹಿಂದೆ ಬಸ್ಸು ಹಾರ್ನ್ ಹಾಕುತ್ತಿತ್ತು. ಕುರಿಗಳು ಅರಚುತ್ತಿದ್ದವು. "ಹೊಡಿ, ಹೊಡಿ! ಕುರಿ ಸಾಯಾಕತ್ತಾವ, ಹೊಡಿ!" ಎಂದು ಅಂಬಣ್ಣ ತಗಡು ಬಡಿದ. ಮುಂದೆ ನೋಡಿದೆ. ಮುದುಕಿ ಇರಲಿಲ್ಲ. ದಾಟಿದಳೆಂದುಕೊಂಡು ಚಾವಿ ತಿರುಗಿಸಿದೆ.

ಅವಳು ದಾಟಿರಲಿಲ್ಲ. ಬಗ್ಗಿ ಕಾಯಿ ಆರಿಸುತ್ತಿದ್ದಳು. ಆ ಗಾಡಿಯ ಬಾನೆಟ್ ನನ್ನ ಎದೆಯೆತ್ತರ, ಬಗ್ಗಿದವರು ಕಾಣುವುದಿಲ್ಲ. ಚಾವಿ ತಿರುಗಿಸಿದ್ದೇ ಗಾಡಿ ನೆಗೆಯಿತು. ನೆಗೆಯದೆ ಅದು ಹೊರಡುವುದೇ ಇಲ್ಲವಲ್ಲ. ಪಕ್ಕದ ಚಹಾದಂಗಡಿಯವನು ಅವಳ ರಟ್ಟೆ ಹಿಡಿದು ಎಳೆದ. ಗಾಲಿ ಬುಟ್ಟಿಯ ಮೇಲೆ ಹತ್ತಿತು. ಬಿದಿರು ಮುರಿದ ಸದ್ದು ಬಂತು. ಬಿದಿರೆಂದು ತಿಳಿಯುವವರೆಗೆ ನನ್ನ ಜೀವ ನನ್ನಲ್ಲಿರಲಿಲ್ಲ.

"ನಿನ್ನ ಕಣ್ಣಾಗ ಸುಣ್ಣ ಬೀಳ್ಲಿ!" ಬೂದೆಮ್ಮ ದೂಳಿನಲ್ಲಿ ಕುಳಿತು ಕೂಗುತ್ತಿದ್ದಳು. "ಬಗ್ಗಿದಾಕಿ ಮ್ಯಾಲ ಹತ್ತಸ್ತಿಯೇನೋ, ದಸ್ತಗೀರಾ? ನಿನ್ನ ಹೆಂಡ್ತಿಗಿ ನಾ ನಿನ್ನೆ ಪುಕ್ಕಟ ಕಾಯಿ ಕೊಟ್ಟಿದ್ನೆಲ್ಲೋ!"

ನಾನು ನಿಲ್ಲಿಸಲಿಲ್ಲ. ಅಂಬಣ್ಣ ನಿಲ್ಲಿಸಗೊಡಲಿಲ್ಲ ಎಂದು ಹೇಳಬಹುದು. ಆದರೆ ಕಾಲು ನನ್ನದು. ನಿಲ್ಲಿಸಿದರೆ ಮತ್ತೆ ಮಂದಿಯ ನಡುವೆ ನೆಗೆಸಬೇಕಿತ್ತು, ಅದೂ ನಿಜ. ರಾಯಚೂರಿನವರೆಗೆ ಒಂದು ಗೇರೂ ಅರಚಲಿಲ್ಲ. ಸುಖ ಮಾತ್ರ ಹೋಗಿತ್ತು. ಬಾಯಿಯಲ್ಲಿ ತುಕ್ಕಿನ ರುಚಿ.

ರಾಯಚೂರಿನ ಕುರಿ ದೊಡ್ಡಿಯ ಮುಂದೆ ಮಂದಿ ಸೇರಿತ್ತು. ಒಂದೂ ಕುರಿ ಸತ್ತಿರಲಿಲ್ಲ. ಅಂಬಣ್ಣ ಇಳಿದವನೇ ಗಿರಾಕಿಗಳಿಗೆಲ್ಲ ಹೇಳತೊಡಗಿದ. "ಕ್ಲಚ್ ಇಲ್ಲ ನೋಡ್ರಿ! ಮುರುದು ಬಿದ್ದದ. ಈ ನನಮಗ ಒಂದ ಕಾಲಿಲೆ ಕವಿತಾಳದಿಂದ ಹೊಡಕೊಂಡು ಬಂದಾನ. ಗಾಳಿಗಿ ಹಾರಿದಂಗ!" ಜಿಲಾನಿಯೂ ಬಂದಿದ್ದ. ಮಂದಿ ನನ್ನ ಬೆನ್ನು ತಟ್ಟಿದರು. ಅಂಬಣ್ಣ ಮತ್ತೊಂದು ಸಲ ಹೇಳಿದ, ಮೂರನೆಯ ಸಲ ಹೇಳುವಾಗ ನಡುವೆ ನಿಂತ. ಅವನ ಮುಖ ಮೆಲ್ಲಗೆ ಬದಲಾಯಿತು. ಲೆಕ್ಕ ತಪ್ಪಿದ್ದು ಗೊತ್ತಾದ ವ್ಯಾಪಾರಿಯ ಮುಖ.

"ತಡಿ, ತಡಿ," ಎಂದ. "ದಸ್ತಗೀರಾ, ಇದು ನಿನಗ ಮೊದಲಿಂದ ಬರ್ತಿತ್ತಾ?"

"ಫಾರ್ಗೊದಾಗ ಕಲ್ತದ್ದು, ಸಾವ್ಕಾರ್ರೆ. ಎಲ್ಲಾರೂ ಕಲ್ತಿರ್ತಿದ್ರು. ದಾರ್ಯಾಗ ಕ್ಲಚ್ ಹೋದ್ರ ಊರು ಮುಟ್ಟಾಕ."

"ಅಂದ್ರ ನಿನಗ ಕ್ಲಚ್ ಬೇಕಾಗಿಲ್ಲ."

"ಹಂಗಲ್ಲರೀ…"

"ಮತ್ತ ಹೆಂಗ? ಎರಡು ವರ್ಷ ಆ ಪರದೇಶಿ ಗೇರ್ ಹಚ್ಚಿ ನನ್ನ ಪೆಟ್ರೋಲ್ ಕುಡಿಸಿದೆಲ್ಲ. ಅದನ್ನ ಎಳೀಬ್ಯಾಡ್ರಿ, ಇದನ್ನ ಮುಟ್ಟಬ್ಯಾಡ್ರಿ, ನನಗ ಎಡಗಾಲಿಲ್ಲ ಅಂತಿದ್ದಿ. ಕಾಲು ಇಲ್ಲದನ ನಡಸಾಕ ಬರ್ತದಲ್ಲ ನಿನಗ! ಏ ಹಣಮಂತಾ, ಕೇಳ್ದ್ಯಾ? ನಾಟಕ ಮಾಡ್ಯಾನ ಸಾಬ! ಕಾಲು ನೆಟ್ಟಗ ಅದನೋ ಏನೋ ಯಾರಿಗ್ಗೊತ್ತು?"

ಮಂದಿ ನಕ್ಕರು. ಈಗಷ್ಟೇ ಬೆನ್ನು ತಟ್ಟಿದ್ದವರೇ ನಕ್ಕರು. ಹನುಮಂತ್ರಾಯ ಎಲೆಯ ರಸ ಉಗಿದು, "ಪೈಜಾಮ ಎತ್ತಿ ತೋರಸಲಿ," ಎಂದ. ಜಿಲಾನಿ ಅವನ ಕಡೆ ತಿರುಗಿ, "ಬಾಯಿ ಮುಚ್ಚಲೇ," ಎಂದ. ಅದು ಬಿಟ್ಟರೆ ಅವನೂ ಏನೂ ಹೇಳಲಿಲ್ಲ. ಅಂಬಣ್ಣ ಅವನ ದೊಡ್ಡ ಗಿರಾಕಿ.

ಬೇಕಾದ ಮಾತು ಬೇಕಾದಾಗ ನನಗೆ ಬರುವುದಿಲ್ಲ. "ಮಾನ್ವ್ಯಾಗ ಬೂದೆಮ್ಮ ಸಾಯ್ತಿದ್ಲು, ಸಾವ್ಕಾರ್ರೆ. ನೀವಾ ನೋಡೀರಿ," ಎಂದೆ.

"ಸತ್ಲೇನು?"

ಇಲ್ಲವೆಂದು ತಲೆಯಾಡಿಸಿದೆ.

"ಸಾಯಲಿಲ್ಲಲ್ಲ? ಆತು ಬಿಡು." ಅಂಬಣ್ಣನ ಮುಖ ಮತ್ತೆ ಸಡಿಲವಾಯಿತು. ಜಿಡ್ಡಿನ ಕೈ ನನ್ನ ಹೆಗಲ ಮೇಲೆ ಬಂತು. "ಸಿಟ್ಟಾಗಬ್ಯಾಡ. ಸುಳ್ಳು ಹೇಳಿದ್ದು ಮಾಫ್ ಮಾಡೀನಿ ಹೋಗು. ಮಾತು ಕೊಟ್ಟಂಗ ನಾಳಿಂದ ಗಾಡಿ ನಿನ್ನದು. ಪಾಷಾ, ಆ ಕ್ಲಚ್ ರಿಪೇರಿ ಬ್ಯಾಡ ಬಿಡು, ಸುಮ್ನ ದುಡ್ಡು ದಂಡ. ಇವನಿಗಿ ಅದು ಬೇಕಾಗಿಲ್ಲ."

ಆ ಕುರ್ಚಿ ನನಗೆ ಬೇಕಿತ್ತು. ಅದಕ್ಕಾಗಿಯೇ ಬಂದಿದ್ದೆ. ಅದು ಈಗ ಸಿಕ್ಕಿತ್ತು. ಪ್ರತಿ ದಿನ, ಪ್ರತಿ ಸಂತೆಯಲ್ಲಿ, ಶಾಲೆ ಬಿಟ್ಟ ಮಕ್ಕಳ ನಡುವೆ, ಬಗ್ಗಿ ಕಾಯಿ ಆರಿಸುವವರ ಮುಂದೆ ಚಾವಿ ತಿರುಗಿಸಿ ನೆಗೆಯುವ ಕುರ್ಚಿ. ದಾರಿಯಲ್ಲಿ ಕೆಟ್ಟರೆ ಊರು ಮುಟ್ಟಲು ಒಮ್ಮೆ ಮಾಡುವ ಉಪಾಯ ಅದು, ನಡೆಸುವ ರೀತಿಯಲ್ಲ. ಅದನ್ನು ಅಂಬಣ್ಣನಿಗೆ ಹೇಗೆ ಹೇಳುವುದು? ಅವನು ಒಂದನ್ನೇ ಕೇಳುತ್ತಾನೆ, ಸತ್ತಳೇನು ಎಂದು.

"ಕ್ಲಚ್ ಮಾಡಸ್ರಿ. ನಾ ಬರಂಗಿಲ್ಲ," ಎಂದೆ.

"ಸೊಕ್ಕು ಬಂತು ನೋಡು! ಕುಂಟಗ ಸೊಕ್ಕು. ನಾಳಿ ಮುಂಜಾನಿ ಹಣಮಂತಗ ಕಳಸ್ತೀನಿ. ರಾತ್ರಿ ಹೆಂಡ್ತಿಗಿ ಕೇಳಿ ಬುದ್ಧಿ ತಂದ್ಕೊ."

ಜಿಲಾನಿ ನನ್ನನ್ನು ನಲ್ಲಿಯ ಹತ್ತಿರ ಕರೆದೊಯ್ದು ಸೀಮೆಎಣ್ಣೆ, ಸಬಕಾರ ಕೊಟ್ಟ. ನಾನು ಬಹಳ ಹೊತ್ತು ಕೈ ತೊಳೆದೆ. "ಭಾಯ್, ಹೊಟ್ಟಿಪಾಡು," ಎಂದ, ಯಾರದೆಂದು ಹೇಳದೆ. "ಸರಳು ದಪ್ಪಂದು ಹಾಕು ಈ ಸಲ," ಎಂದು ಅವನಿಗೆ ಹೇಳಿ ನಾನು ಮಾನ್ವಿಯ ಬಸ್ಸು ಹಿಡಿದೆ. ಬಸ್ಸಿನ ಮುಂದಿನ ಗಾಜು ನೋಡಬಾರದೆಂದು ಹಿಂದೆ ಹೋಗಿ ಕುಳಿತೆ.

ಬೂದೆಮ್ಮನ ಬುಟ್ಟಿಯ ವಿಷಯ ನನಗಿಂತ ಮುಂಚೆ ಮನೆ ಮುಟ್ಟಿತ್ತು. ಶಹಜಾದಿ ಆಗಲೇ ಹೊಸ ಬುಟ್ಟಿ ಕೊಂಡು ಕೊಟ್ಟು, ಬೈಗಳು ತಿಂದು ಬಂದಿದ್ದಳು. ನಡೆದದ್ದನ್ನೆಲ್ಲ ಹೇಳಿದೆ. ಕೇಳಿಸಿಕೊಂಡು, "ಕಾಲು ತೋರಿಸಲಿಲ್ಲ ತಾನೆ?" ಎಂದು ಕೇಳಿದಳು. ಇಲ್ಲವೆಂದೆ. ಗುಂಡಿಯ ಡಬ್ಬಿ ನನ್ನ ಮುಂದೆ ಸರಿಸಿದಳು. ಹಬ್ಬದ ಬಟ್ಟೆಗಳು ಬಹಳ ಬಾಕಿ ಇದ್ದವು.

ಬೆಳಿಗ್ಗೆ ಓಣಿಯ ಬಾಯಲ್ಲಿ ಹಾರ್ನ್ ಕೇಳಿಸಿತು. ಬಿಟ್ಟು ಬಿಟ್ಟು ಹಾಕುತ್ತಿದ್ದ. ನಾನು ಸೂಜಿಗೆ ದಾರ ಪೋಣಿಸುತ್ತ ಕುಳಿತೇ ಇದ್ದೆ, ದಾರ ಹೋಗಲಿಲ್ಲ. ಕೊನೆಗೆ ಕೋಲು ತೆಗೆದುಕೊಂಡು ಬಾಗಿಲಿಗೆ ಬಂದೆ. ಹನುಮಂತ್ರಾಯ ಕಿಟಕಿಯಿಂದ ತಲೆ ಹೊರಗೆ ಹಾಕಿದ್ದ.

"ಬರ್ತಿಯೋ ಇಲ್ಲೋ, ದಸ್ತಗೀರಣ್ಣ?"

"ಇಲ್ಲ. ಸರಳು ಹಾಕ್ಯಾನೇನು ಜಿಲಾನಿ?"

"ರಾತ್ರೆಲ್ಲಾ ಕುಂತು ಹಾಕ್ಯಾನ. ಮಾವಗ ಹೇಳಬ್ಯಾಡ ಅಂದಾನ." ಅವನು ಹೆಮ್ಮೆಯಿಂದ ಕ್ಲಚ್ ಒತ್ತಿ ತೋರಿಸಿದ. ಎತ್ತರದ ಕುರ್ಚಿಯಲ್ಲಿ ಅವನ ಎಡಗಾಲು ಪೆಡಲಿನ ಮೇಲೆಯೇ ಮನೆ ಮಾಡಿಕೊಂಡಿತ್ತು. ಗಾಡಿಗೆ ಅಡ್ಡಲಾಗಿ ಇಬ್ಬರು ಹುಡುಗರು ಗೋಲಿ ಆಡುತ್ತಿದ್ದರು.

ಅವನು ಹೇಗಾದರೂ ಹಾಳಾಗಲಿ, ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು ಎನ್ನಿಸಿತು. ಅವನ ತುಟಿಯ ತುದಿಯಲ್ಲಿ ಕೆಂಪು ರಸ ಒಣಗಿತ್ತು. ಆದರೂ ಕೋಲೂರಿ ಗಾಡಿಯವರೆಗೆ ನಡೆದೆ. ಹುಡುಗರನ್ನು ಬದಿಗೆ ಕಳಿಸಿದೆ. ಕಿಟಕಿಯಿಂದ ಕೋಲು ತೂರಿಸಿ ಅದರ ತುದಿಯಿಂದ ಅವನ ಎಡಗಾಲನ್ನು ಪೆಡಲಿನಿಂದ ಕೆಳಗೆ ತಳ್ಳಿದೆ.

"ಗೇರ್ ಹಾಕೋವಾಗ ಅಷ್ಟ ಅಲ್ಲಿ ಇಡು. ಉಳಿದ ಹೊತ್ತಿನ್ಯಾಗ ನೆಲದ ಮ್ಯಾಲ. ಇಲ್ಲಂದ್ರ ಮತ್ತ ಮುರೀತದ. ಹೊರಡೋಕಿಂತ ಮೊದಲ ಇಳಿದು ಮುಂದ ನೋಡು, ಬಗ್ಗಿದೋರು ಕಾಣಂಗಿಲ್ಲ."

"ಹ್ಞೂಂ ಮಾಸ್ತರ," ಎಂದು ನಕ್ಕು ಗೇರು ಹಾಕಿದ. ಒಮ್ಮೆ ಅರಚಿತು, ಇನ್ನೊಮ್ಮೆ ಅರಚಿತು, ಆಮೇಲೆ ಬಿತ್ತು. ಇಳಿದು ನೋಡಲಿಲ್ಲ. ಗಾಡಿ ಓಣಿಯ ತಿರುವಿಗೆ ಹೋಗುವಷ್ಟರಲ್ಲಿ ಎಡಗಾಲು ಮತ್ತೆ ಕ್ಲಚ್ಚಿನ ಮೇಲೆ ಏರಿ ಅವನ ಮೊಣಕಾಲು ಮೇಲೆದ್ದದ್ದು ಕಿಟಕಿಯಿಂದ ಕಂಡಿತು.

ಶಹಜಾದಿ ಬಾಗಿಲಲ್ಲಿ ನಿಂತಿದ್ದಳು. "ಅವನಿಗೆ ಯಾಕೆ ಹೇಳಲು ಹೋದಿರಿ?" ಎಂದಳು.

ಅವನ ಕಾಲಿಗೆ ತಾಗಿದ ಕೋಲಿನ ತುದಿಯನ್ನು ಮಣ್ಣಿನಲ್ಲಿ ತಿಕ್ಕಿ ತಿಕ್ಕಿ ಒರೆಸಿ, ಒಳಗೆ ಬಂದು ಕುಳಿತೆ.